ಮೇಯದ ಕೋಣ, ಸಾಗದ ಬಂಡಿ

ಕೋಟೆ ಇದ್ದಲ್ಲಿ ನಿಧಿ ಇದ್ದೇ ಇರುತ್ತದೆ. ನಮ್ಮೂರು ಕಲ್ಮಲದ ಕಟ್ಟೆಯ ಮೇಲೆ ಕೂತು ಚಿಕ್ಕಂದಿನಿಂದ ಕೇಳಿದ ಮಾತಿದು. ಕೊಪ್ಪರಿಗೆ ತುಂಬ ಹೊನ್ನು, ಅದರ ಮೇಲೆ ಹೆಡೆ ಬಿಚ್ಚಿದ ಸರ್ಪ, ಅಮಾವಾಸ್ಯೆಯ ನಡುರಾತ್ರಿ... ಹೇಳುವ ತಾತನ ದನಿ ತಗ್ಗಿದಷ್ಟೂ ನಾವು ಹತ್ತಿರ ಸರಿಯುತ್ತಿದ್ದೆವು.

ಈ ಸಲದ ದಸರಾ ರಜೆಯಲ್ಲಿ ಓಣಿಯ ಒಂಬತ್ತು ಮಕ್ಕಳು ಗಂಟುಬಿದ್ದರು. “ಮಾವಾ, ರಾಯಚೂರು ಕ್ವಾಟಿಗೆ ನಡ್ರಿ, ನಿಧಿ ಹುಡುಕೋಣು!” ಒಪ್ಪಿದೆ. ಎರಡೇ ಷರತ್ತು: ಅಗೆಯುವ ಹಾಗಿಲ್ಲ, ಏನನ್ನೂ ಎತ್ತಿಕೊಂಡು ಬರುವ ಹಾಗಿಲ್ಲ. ಕೈಗೊಂದು ಚೀಟಿ ಕೊಟ್ಟೆ. ಅದರಲ್ಲೊಂದು ಒಗಟು: ‘ಮೇಯದ ಕೋಣ, ಸಾಗದ ಬಂಡಿ, ಎಲ್ಲಿವೆ?’ ಊರ ಗುಡಿಯ ಕರಿಯಪ್ಪ ತಾತನಿಗೆ ಕೈಮುಗಿದು ಬೆಳಗಿನ ಬಸ್ಸು ಹತ್ತಿದೆವು.

ಕಡಲಂಚಿನ ಕೋಟೆಗಳಿಗೆ ಹಡಗುಗಳ ಕಥೆ ಇರುತ್ತದೆ. ನಮ್ಮ ಕೋಟೆಗೆ ಹೊಳೆಗಳ ಕಥೆ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವಿನದು ಎಡೆದೊರೆ ನಾಡು. ಈ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ವಿಜಯನಗರದ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ಕೋಟೆ ಹಿಡಿದ. ಆ ಮುತ್ತಿಗೆಯ ಬಗ್ಗೆ ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದ ಒಂದು ಸಂಗತಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ಗೋಡೆಯ ಕಲ್ಲು ಕಿತ್ತು ತಂದವರಿಗೆ ದಂಡನಾಯಕರು ಕಲ್ಲಿನ ಗಾತ್ರ ನೋಡಿ ಹತ್ತು, ಇಪ್ಪತ್ತು, ಐವತ್ತರವರೆಗೂ ‘ಹಣ’ ಎಣಿಸುತ್ತಿದ್ದರಂತೆ. ಹಣವೆಂದರೆ ಆಗ ಪುಟ್ಟ ಚಿನ್ನದ ನಾಣ್ಯ. ಕಲ್ಲನ್ನು ಚಿನ್ನಕ್ಕೆ ಕೊಂಡ ದಿನಗಳು ಈ ಗೋಡೆಗೆ ಬಂದು ಹೋಗಿವೆ. ಬಯಲಿನ ಕಾಳಗ ಗೆದ್ದಾಗ ನಾಲ್ಕು ಸಾವಿರ ಕುದುರೆ, ನೂರು ಆನೆ, ನಾನೂರು ದೊಡ್ಡ ತೋಪು ರಾಯನ ಕೈಸೇರಿದವೆಂದೂ ನೂನಿಜನೇ ಬರೆದಿದ್ದಾನೆ. ಹೊರಬಹುದಾದದ್ದೆಲ್ಲ ಹೊರಟುಹೋಯಿತು.

ಚಿನ್ನದ ಮಾತು ಬಂತು, ಮಸ್ಕಿಯನ್ನು ಬಿಟ್ಟರೆ ಹೇಗೆ? 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಬಂಗಾರದ ಜಾಡು ಹಿಡಿದು ಅಲ್ಲಿಯ ಗುಡ್ಡಕ್ಕೆ ಬಂದ. ಕಂಡದ್ದು ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರ. ಅದುವರೆಗೆ ಸಿಕ್ಕ ಧರ್ಮಶಾಸನಗಳಲ್ಲಿ ದೊರೆ ‘ದೇವಾನಾಂಪ್ರಿಯ’ನೆಂದೋ ‘ಪ್ರಿಯದರ್ಶಿ’ಯೆಂದೋ ಇದ್ದ. ಅಶೋಕನೆಂಬ ಹೆಸರೇ ಬರೆದ ಶಾಸನ ಮೊದಲು ಸಿಕ್ಕದ್ದು ನಮ್ಮ ಜಿಲ್ಲೆಯ ಆ ಬಂಡೆಯಲ್ಲಿ. ಬಂಗಾರಕ್ಕೆ ಹಟ್ಟಿಯ ಗಣಿ ಇದೆ, ಇಂದಿಗೂ ತೆಗೆಯುತ್ತಾರೆ. ಅಶೋಕನ ಹೆಸರನ್ನು ಬಿಟ್ಟುಕೊಡಲು ಮಸ್ಕಿ ಎರಡು ಸಾವಿರ ವರ್ಷ ಕಾದಿತ್ತು.

ಬಸ್ಸಿಳಿದು, ವಗ್ಗರಣಿ ಮಿರ್ಚಿ ತಿಂದು ಕೋಟೆಯತ್ತ ನಡೆದೆವು. ಕಾಟಿ ದರವಾಜ, ನೌರಂಗಿ ದರವಾಜ, ಹೆಸರು ಕೂಗುತ್ತ ಮಕ್ಕಳು ಓಡಿದರು. ಒಳಗೋಡೆಯ ಕಲ್ಲುಗಳ ನಡುವೆ ಗಾರೆಯಿಲ್ಲ, ಒಂದರ ಮೇಲೊಂದು ಕೂತ ಭಾರವೇ ಅಂಟು. ಒಬ್ಬಳು ಸಂದಿಗೆ ಉಗುರು ತೂರಿಸಿ ನೋಡಿದಳು, ಹೋಗಲಿಲ್ಲ.

ಆಗ ಕೇಳಿತು ಕೂಗು: “ಕ್ವಾಣ ಸಿಕ್ಕಾವ!”

ಪಶ್ಚಿಮದ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು. ಅದರ ಮೇಲೆ 1294ರ, ಕಾಕತೀಯರ ಕಾಲದ ತೆಲುಗು ಶಾಸನ. ಅಲ್ಲೇ ಗೀರಿದ ಚಿತ್ರ: ಉದ್ದನೆಯ ಬಂಡಿಯ ಮೇಲೆ ಇದೇ ಕಲ್ಲು, ಮುಂದೆ ಸಾಲು ಸಾಲು ಕೋಣಗಳು, ಹುರಿದುಂಬಿಸುವ ಆಳುಗಳು. ದೊರೆಗಳ ಹೆಸರಿನ ಪಕ್ಕದಲ್ಲಿ ಕೋಣಕ್ಕೂ ಬಂಡಿಗೂ ಜಾಗ ಕೊಟ್ಟ ಆ ಕಲ್ಲುಕುಟಿಗನ ಕೈಗೆ ಮುತ್ತಿಡಬೇಕೆನಿಸುತ್ತದೆ. ಅರಸರ ಕೀರ್ತಿ ಬೇರೆ ಶಾಸನಗಳಲ್ಲೂ ಸಿಕ್ಕೀತು. ಈ ಕಲ್ಲನ್ನು ಎಳೆದವರ ಬೆವರಿಗೆ ಇದೊಂದೇ ಲೆಕ್ಕಪತ್ರ.

ಊರೂರಲ್ಲಿ ನಿಧಿಯಾಸೆಗೆ ಬಸವಣ್ಣನ ಬುಡ ಅಗೆದವರಿದ್ದಾರೆ, ಲಿಂಗ ಒಡೆದವರಿದ್ದಾರೆ. ಅಂಥ ಗುಂಡಿ ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಒಡೆದ ಕಲ್ಲಿನಲ್ಲಿ ಯಾರ ಬೆವರಿನ ಲೆಕ್ಕವಿತ್ತೋ, ಅದು ಅಳಿಸಿಹೋಯಿತು. ಮಕ್ಕಳಿಗೆ ‘ಅಗೆಯಬೇಡಿ’ ಎಂದದ್ದು ಇದಕ್ಕೇ.

“ಇದನ್ನ ಯಾಕ ಯಾರೂ ಒಯ್ದಿಲ್ಲ ಮಾವಾ?” ಎಂದ ಎಲ್ಲರಿಗಿಂತ ಚಿಕ್ಕವ. ನಾನು ಬಾಯಿ ತೆರೆಯುವ ಮೊದಲೇ ಅವನಕ್ಕ ಅಂದಳು: “ಹೊರಾಕ ಬರಂಗಿಲ್ಲಲ್ಲೋ.”

ಆಮೇಲೆ ಅಳೆಯುವ ಹುರುಪು. ಗೋಡೆಯ ಕೆಳಗೆ ಒಂಬತ್ತು ಮಕ್ಕಳೂ ಕೈಚಾಚಿ, ಬೆರಳಿಗೆ ಬೆರಳು ತಾಗಿಸಿ ಸಾಲಾಗಿ ನಿಂತರು. ಒಂಬತ್ತು ಎಳೆಯ ಮಾರು. ಆ ತುದಿಗೆ ಇನ್ನೂ ಒಂದು ಗೇಣು ಕಲ್ಲು ಉಳಿದಿತ್ತು.