ದೊಡ್ಡಕ್ಷರವಿಲ್ಲದ ಹೆಸರು

ರಬಕವಿ-ಬನಹಟ್ಟಿಯ ಸೀರೆ ಕೊಳ್ಳುವವರಲ್ಲಿ ಮಗ್ಗವನ್ನು ವಿಚಾರಿಸುವವರು ಕಡಿಮೆ. ಉದ್ದವೆಷ್ಟು, ಸೆರಗು ಹೇಗಿದೆ, ಬಣ್ಣ ಬಿಟ್ಟೀತೆ? ಇಷ್ಟಕ್ಕೆ ಉತ್ತರ ಸಿಕ್ಕರೆ ಸಾಕು. ಮಗ್ಗ ಒಳಮನೆಯ ಸಂಗತಿ. ಇದರಲ್ಲಿ ಒಂದು ಅನುಕೂಲವೂ ಉಂಟು: ನೇಕಾರ ಒಳಗೆ ಮಗ್ಗ ಬದಲಿಸಿದರೂ ಅಂಗಡಿಯ ವ್ಯವಹಾರ ಕದಲುವುದಿಲ್ಲ.

ಗೂಗಲ್ ಸಂಸ್ಥೆ 2009ರಲ್ಲಿ ಹೊರತಂದ ‘ಗೋ’ ಎಂಬ ಗಣಕಭಾಷೆಯಲ್ಲಿಯೂ ಇದೇ ನೀತಿ. ಅಲ್ಲಿ ‘ಇಂಟರ್‌ಫೇಸ್’ ಎಂದರೆ ಅಂಗಡಿಯ ಮಾತು. ವಸ್ತುವಿನಿಂದ ಏನೇನು ಕೆಲಸವಾದೀತು ಎಂಬ ಪಟ್ಟಿ. ಕೆಲಸ ಮಾಡುವ ನಿಜವಾದ ‘ಟೈಪ್’ ತನ್ನ ಪ್ಯಾಕೇಜಿನ ಒಳಗೇ ಉಳಿಯಬಹುದು. ಗೋ ಜೊತೆಗೇ ಬರುವ ‘ಎರರ್ಸ್’ ಪ್ಯಾಕೇಜನ್ನು ನೋಡಿ. ಹೊಸ ತಪ್ಪೊಂದನ್ನು ತಿಳಿಸಲು ಕೇಳಿದರೆ ಅದು ಕೊಡುವುದು ‘ಎರರ್’ ಎಂಬ ಇಂಟರ್‌ಫೇಸನ್ನು. ಹಿಂದೆ ದುಡಿಯುವ ‘ಎರರ್‌ಸ್ಟ್ರಿಂಗ್’ ಎಂಬುದನ್ನು ಹೊರಗಿನವರು ಹೆಸರು ಹಿಡಿದು ಕರೆಯುವಂತಿಲ್ಲ. ಈ ಮರ್ಯಾದೆ ನನಗೆ ಬಹಳ ಮೆಚ್ಚು.

ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಹೆಸರಿನ ಮೊದಲಕ್ಷರವೇ ತೀರ್ಮಾನಿಸುತ್ತದೆ. ದೊಡ್ಡಕ್ಷರವಾದರೆ ಹೊರಗೆ ಬರಬಹುದು, ಇಲ್ಲವಾದರೆ ಇಲ್ಲ. ಇಂಗ್ಲಿಷಿಗೇನೋ ಸುಲಭವಾಯಿತು. ಕನ್ನಡದಲ್ಲಿ ಆ ಭೇದವೇ ಇಲ್ಲವಲ್ಲ! ಟೈಪಿಗೆ ‘ಜನ’ ಎಂದು ಹೆಸರಿಟ್ಟರೆ ಗೋ ಒಪ್ಪುತ್ತದೆ. ಆದರೆ ಆ ಜನ ಎಂದೆಂದಿಗೂ ಒಳಮನೆಯವರೇ. ‘ಮಗ್ಗ’ ಎಂದರೆ ಅಷ್ಟೂ ಇಲ್ಲ. ಒತ್ತಕ್ಷರ, ಕಾಗುಣಿತ, ಅನುಸ್ವಾರ ಯಾವುದಕ್ಕೂ ಹೆಸರಿನಲ್ಲಿ ಎಡೆಯಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ: ಒಂದೂ ನಡೆಯದು. ಉಲ್ಲೇಖ ಚಿಹ್ನೆಗಳ ನಡುವಿನ ಬರಹವಾಗಿ ಇವೆಲ್ಲ ಸರಾಗ. ಹೆಸರಾಗಿ ಮಾತ್ರ ತಡೆ.

ಇದು ದ್ವೇಷದಿಂದಾದದ್ದಲ್ಲ. ಗೋ ಕಟ್ಟಿದ ಮೂವರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಇಬ್ಬರೂ 1992ರಲ್ಲಿ ಯುಟಿಎಫ್-8 ಎಂಬ ಅಕ್ಷರಸಂಕೇತವನ್ನು ರೂಪಿಸಿದವರು. ಇಂದು ಅಂತರಜಾಲದಲ್ಲಿ ಕನ್ನಡ ಸಂಚರಿಸುವುದು ಬಹುಮಟ್ಟಿಗೆ ಆ ಬಂಡಿಯಲ್ಲೇ. ದೊಡ್ಡಕ್ಷರದ ಕಟ್ಟಳೆಯ ಕೊರತೆಯನ್ನು ಗೋ ಭಾಷೆಯವರೇ ಒಪ್ಪಿ ಬರೆದಿದ್ದಾರೆ. ಅವರು ಸೂಚಿಸುವ ಉಪಾಯ, ಹೆಸರಿನ ಮುಂದೆ ರೋಮನ್ ‘ಎಕ್ಸ್’ ಅಕ್ಷರವನ್ನು ಹಚ್ಚುವುದು. ಧೋತರ ಉಟ್ಟವನ ತಲೆಗೆ ಹ್ಯಾಟು ಇಟ್ಟಂತೆ! ಇದು ತೃಪ್ತಿಕರವಲ್ಲವೆಂದೂ ಅವರೇ ಹೇಳಿದ್ದಾರೆ.

ಇನ್ನೊಂದು ದಾರಿ ಇಂಟರ್‌ಫೇಸಿನದು. ‘ಜನ’ ಒಳಗೆ ದುಡಿಯುತ್ತದೆ. ದುಡಿಮೆ ಇಂಗ್ಲಿಷ್ ಹೆಸರಿನಲ್ಲಿ ಹೊರಗೆ ಹೋಗುತ್ತದೆ. ಕೆಲಸಕ್ಕೆ ಊನವಿಲ್ಲ. ಆದರೂ ನೇಕಾರನ ಮರೆಗೂ ಈ ಮರೆಗೂ ಅಂತರವುಂಟು. ಮಗ್ಗದ ಮನೆಯ ಬಾಗಿಲು ನೇಕಾರನದು. ಮನಸ್ಸು ಬಂದರೆ ತೆರೆದು ತೋರಿಸಿಯಾನು. ‘ಜನ’ಕ್ಕೆ ಬಾಗಿಲನ್ನೇ ಇಟ್ಟಿಲ್ಲ. ಮರೆಯಲ್ಲಿರುವುದು ಅವಮಾನವಲ್ಲ, ಅದನ್ನು ತಾನೇ ಆರಿಸಿಕೊಂಡಿರಬೇಕು, ಅಷ್ಟೆ.