ಉಗಿಬಂಡಿಯ ದಾಯಾದಿಗಳು

ಸ್ವಂತಕ್ಕೆ ಒಂದು ಸೈಕಲ್ಲನ್ನು ಬಿಟ್ಟರೆ ಬೇರಾವ ವಾಹನವೂ ಇಲ್ಲದ ನನ್ನಂಥವನು, ಮನೆಯವರೆಲ್ಲ ನಿದ್ರಾವಶರಾದ ಮೇಲೆ ಹಳೆಯ ಮೋಟಾರುಗಳ ಯಂತ್ರಚಿತ್ರಗಳನ್ನು ದೀಪದಡಿ ಹರಡಿಕೊಂಡು, ರೋಲ್ಸ್ ರಾಯ್ಸ್ ಕಂಪೆನಿಯ ಎರಡನೆಯ ಫ್ಯಾಂಟಮ್ ಮೇಲೋ ಬೆಂಟ್ಲಿಯವರ ಎಂಟು ಲೀಟರಿನ ಗಾಡಿ ಮೇಲೋ ಎಂದು ತನ್ನೊಳಗೇ ವ್ಯಾಜ್ಯ ಹೂಡುವುದು ವಿವೇಕಿಗಳಿಗೆ ಹಾಸ್ಯಾಸ್ಪದವಾಗಿ ತೋರೀತು. ಆದರೆ ಕೊಳ್ಳುವ ಯೋಗವಿಲ್ಲದವನ ತೀರ್ಪು ನಿಷ್ಪಕ್ಷಪಾತವಾಗಿರುತ್ತದೆ. ಹಣ ತೆತ್ತವನಿಗೆ ತನ್ನ ಗಾಡಿಯನ್ನು ಹೊಗಳದೆ ವಿಧಿಯಿಲ್ಲ.

ಮೊದಲನೆಯದು 1929ರಲ್ಲಿ, ಎರಡನೆಯದು 1930ರಲ್ಲಿ ಇಂಗ್ಲೆಂಡಿನಲ್ಲಿ ಅವತರಿಸಿದವು. ಎರಡಕ್ಕೂ ಸಾಲಾಗಿ ನಿಂತ ಆರು ಸಿಲಿಂಡರುಗಳು. ಎರಡು ಕಂಪೆನಿಗಳೂ ಮಾರುತ್ತಿದ್ದುದು ಬರಿಯ ಚಾಸಿಯನ್ನು. ಮೈ ಕಟ್ಟುವ ಕೆಲಸ ಹೂಪರ್, ಮುಲ್ಲಿನರ್ ಮೊದಲಾದ ಸಾರೋಟಿನ ಕುಶಲಕರ್ಮಿಗಳದು. ಇದಕ್ಕಿಂತಲೂ ಸೋಜಿಗದ ಸಂಗತಿಯೆಂದರೆ, ಹೆನ್ರಿ ರಾಯ್ಸ್ ಪೀಟರ್‌ಬರೋದಲ್ಲಿಯೂ, ಡಬ್ಲ್ಯು. ಓ. ಬೆಂಟ್ಲಿ ಡಾನ್‌ಕಾಸ್ಟರಿನಲ್ಲಿಯೂ ಒಂದೇ ಗ್ರೇಟ್ ನಾರ್ದರ್ನ್ ರೈಲ್ವೆಯ ಕಾರ್ಖಾನೆಗಳಲ್ಲಿ ಕೈಗೆ ಮಸಿ ಹಚ್ಚಿಕೊಂಡು ಕೆಲಸ ಕಲಿತವರು. ರಾಯ್ಸ್‌ಗಾದರೋ, ಶುಲ್ಕ ತೆರುತ್ತಿದ್ದ ಬಂಧುವಿನ ಹಣ ಮುಗಿದು ಆ ವಿದ್ಯೆಯೂ ಅರ್ಧಕ್ಕೇ ನಿಂತಿತು.

ಗದ್ದಲದ ಗುರುಕುಲದಿಂದ ಬಂದ ಈ ಇಬ್ಬರಿಗೂ ನಿಶ್ಶಬ್ದದ ಹಂಬಲ ಹತ್ತಿದುದು ವಿಧಿಯ ವಿನೋದ. ರಾಯ್ಸ್ ಮಹಾಶಯನದು ಸಾವಧಾನದ ಮಾರ್ಗ: ಕ್ಯಾಮ್ ದಂಡವನ್ನು ಕೆಳಗೇ ಇರಿಸಿ, ಉದ್ದನೆಯ ತಳ್ಳುಸರಳುಗಳಿಂದ ಮೇಲಣ ವಾಲ್ವುಗಳನ್ನು ತೆರೆಸಿ, ಒಂದೊಂದು ಭಾಗವನ್ನೂ ಸದ್ದಡಗುವವರೆಗೆ ತಿದ್ದಿ ತೀಡುವುದು. ಬೆಂಟ್ಲಿಗೆ ವೇಗವೂ ಬೇಕು. ಸಿಲಿಂಡರಿಗೆ ನಾಲ್ಕು ವಾಲ್ವುಗಳನ್ನಿಟ್ಟು ಕ್ಯಾಮ್ ದಂಡವನ್ನು ಎಂಜಿನ್ನಿನ ನೆತ್ತಿಗೇ ಏರಿಸಿದ ಮೇಲೆ ಅದನ್ನು ತಿರುಗಿಸುವುದೆಂತು? ಸರಪಣಿ ಹಾಕಿದರೆ ಕಿಟಿಗುಟ್ಟುತ್ತದೆ, ಹಲ್ಲುಗಾಲಿಗಳ ಸಾಲು ಗೊಯ್‌ಗುಟ್ಟುತ್ತದೆ. ಆಗ ಆತನ ನೆರವಿಗೆ ಬಂದುದು ಉಗಿಬಂಡಿಯೇ! ಅದರ ಚಕ್ರಗಳನ್ನು ಬೆಸೆಯುವ ಕೂಡುಸರಳಿನಂತೆ ಮೂರು ಸರಳುಗಳು, ಎಂಜಿನ್ನಿನ ಹಿಂಬದಿಯಲ್ಲಿ ಮರೆಯಾಗಿ ನಿಂತು, ಒಂದು ಇಳಿಯುವಾಗ ಇನ್ನೊಂದು ಏರುತ್ತ ಕೆಳಗಣ ತಿರುಗನ್ನು ಸದ್ದಿಲ್ಲದೆ ಮೇಲಕ್ಕೆ ಒಯ್ಯುತ್ತವೆ. ಈ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.

ಗಾಡಿಯ ಅಶ್ವಶಕ್ತಿಯೆಷ್ಟೆಂದು ಕೇಳಿದವರಿಗೆ ರೋಲ್ಸ್ ರಾಯ್ಸ್‌ನವರು ಸಂಖ್ಯೆ ಹೇಳುತ್ತಿರಲಿಲ್ಲ, ಸಾಕಷ್ಟಿದೆಯೆಂಬ ಗತ್ತು. ಬೆಂಟ್ಲಿಯದಾದರೋ ಭಾರಿ ಮೈಯನ್ನು ಹೊತ್ತೂ ಗಂಟೆಗೆ 100 ಮೈಲಿ ಓಡುತ್ತಿತ್ತು. ಕುಳಿತು ಹೋಗುವುದಾದರೆ ಫ್ಯಾಂಟಮ್ ಆದೀತು. ಮುಚ್ಚಳ ತೆರೆದು ನೋಡುವುದಾದರೆ ಮಾತ್ರ ನನ್ನ ಮತ ಬೆಂಟ್ಲಿಗೆ. ಕಾಲ ಬೇರೆ ತೀರ್ಪಿತ್ತಿತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ, ಚಾಸಿಗೇ 1,850 ಪೌಂಡು ಬೆಲೆಯ ಗಾಡಿ 100ಕ್ಕೇ ನಿಂತು, 1931ರಲ್ಲಿ ಕಂಪೆನಿಯ ಆಸ್ತಿಯೆಲ್ಲ ದಾಯಾದಿಯಾದ ರೋಲ್ಸ್ ರಾಯ್ಸ್‌ನ ಪಾಲಾಯಿತು. ಸ್ವತಃ ಬೆಂಟ್ಲಿಯೂ ಕೆಲಕಾಲ ಅವರಲ್ಲೇ ಸಂಬಳಕ್ಕೆ ದುಡಿದನು.

ಬೆಳಗಾದರೆ ನನ್ನ ಸೈಕಲ್ಲಿನ ಸರಪಣಿ ಬೀದಿಗೆಲ್ಲ ಕೇಳುವಂತೆ ಕಿಟಿಗುಟ್ಟುತ್ತದೆ. ಅದನ್ನು ಕಿತ್ತು ಮೂರು ಸರಳುಗಳನ್ನು ಜೋಡಿಸಲಾದೀತೇ ಎಂದು ಪಂಕ್ಚರ್ ಅಂಗಡಿಯವನನ್ನು ಕೇಳಿದೆನು. ಆತನು ನನ್ನ ಮುಖವನ್ನೊಮ್ಮೆ ನೋಡಿ, ಮಾತನಾಡದೆ ಎಣ್ಣೆಯ ಡಬ್ಬಿಯನ್ನು ಮುಂದಿಟ್ಟನು.