ಮಳೆಯ ಲೆಕ್ಕ



ವಿರಾಜಪೇಟೆಯ ಸಮೀಪದ ಬಿಟ್ಟಂಗಾಲದಲ್ಲಿ ನಮ್ಮ ಮನೆ. ಕಾಫಿ ತೋಟದವರ ರೂಢಿಯಂತೆ ನಾವೂ ದಿನದಿನದ ಮಳೆಯನ್ನು ಇಂಚು ಸೆಂಟುಗಳಲ್ಲಿ ಅಳೆದು ಬರೆದಿಡುತ್ತೇವೆ. ನಮ್ಮ ಮಗಳು ಎಂಟು ವರುಷದವಳಿದ್ದಾಗಲೇ ಆ ಪುಸ್ತಕವನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಮನೆಗೆ ಬಂದವರ ಮುಖವನ್ನು ಅವಳು ನೋಡುತ್ತಿರಲಿಲ್ಲ, ಕುಶಲವನ್ನು ಕೇಳುತ್ತಿರಲಿಲ್ಲ. ಕಳೆದ ವಾರದ ಮಳೆಯನ್ನು ದಿನವಾರು ಒಪ್ಪಿಸಿ ಒಳಕ್ಕೆ ನಡೆಯುತ್ತಿದ್ದಳು. ಬಂಧುಗಳು ನಕ್ಕರು. ನಾವು ನಾಚಿದೆವು, ಗದರಿಸಿದೆವು. ಅದು ಹಟವಲ್ಲ, ಆಟಿಸಂ ಎಂದು ವೈದ್ಯರಿಂದ ತಿಳಿದಾಗ ಅವಳಿಗೆ ಹನ್ನೆರಡು ವರುಷ ತುಂಬಿತ್ತು.

1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ವಿವರಿಸಿದರು. ಆ ಮಕ್ಕಳಲ್ಲಿ ಹುಡುಗಿಯರು ಮೂವರೇ. ಹೆಣ್ಣುಮಕ್ಕಳಲ್ಲಿ ಇದು ಗುರುತಿಗೆ ಬರುವುದು ಇಂದಿಗೂ ಎಷ್ಟೋ ವೇಳೆ ತಡವಾಗಿಯೇ.

ಹದಿನೈದನೆಯ ವಯಸ್ಸಿನಲ್ಲಿ, ಅವಳಿಗೆ ತರಬೇತು ಕೊಡುತ್ತಿದ್ದ ಮಹಿಳೆಯೊಬ್ಬರ ಮೂಲಕ, ತನ್ನಂಥವರೇ ಆದ ಐದಾರು ಹುಡುಗಿಯರೊಡನೆ ಅವಳು ವಾಟ್ಸಾಪಿನಲ್ಲಿ ಬರೆದು ಮಾತಾಡತೊಡಗಿದಳು. ಮಗಳು ಫೋನಿನಲ್ಲಿಯೇ ಮುಳುಗಿಹೋದಳೆಂದು ಹೆದರಿ ನಾವು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಅವಳು ಅಳಲಿಲ್ಲ. ಹತ್ತು ದಿನ ಮಳೆಯನ್ನು ಬರೆಯಲಿಲ್ಲ, ಅಷ್ಟೆ. ಹೊರಗೆ ಜುಲೈ ತಿಂಗಳ ಮಳೆ ಹಗಲಿರುಳು ಸುರಿಯುತ್ತಿತ್ತು. ಪುಸ್ತಕದ ಆ ಪುಟವು ಇಂದಿಗೂ ಬರಿದಾಗಿಯೇ ಇದೆ.

ಹನ್ನೊಂದನೆಯ ದಿನ ಫೋನನ್ನು ಹಿಂದಿರುಗಿಸಿದೆವು. ಅವಳು ತಾನಾಗಿಯೇ ಅದನ್ನು ನಮಗೆ ತೋರಿಸಿದಳು. ಗೆಳತಿಯೊಬ್ಬಳು ಬರೆದಿದ್ದಳು: "ನಿನ್ನ ಊರಿನ ಮಳೆ ಹೇಳಿದೆ. ಈಗ ನನ್ನ ಊರಿನದನ್ನು ಕೇಳು. ಕೇಳಿದರೆ ನನಗೆ ಸಂತೋಷವಾಗುತ್ತದೆ." ಏಳು ವರುಷ ಗದರಿಸಿ ನಾವು ಕಲಿಸಲಾರದುದನ್ನು ಆ ಹುಡುಗಿ ಮೂರು ಮಾತುಗಳಲ್ಲಿ ಕಲಿಸಿದ್ದಳು. "ಸರಿಯಾಗಿ ಮಾತಾಡು" ಎಂದು ನಾವು ಹೇಳುತ್ತಿದ್ದೆವೇ ಹೊರತು ಸರಿ ಯಾವುದೆಂದು ಹೇಳಿರಲಿಲ್ಲ. ಬರಹದಲ್ಲಾದರೋ ಎದುರಿನವರ ಕಣ್ಣನ್ನು ನೋಡಬೇಕಾಗಿಲ್ಲ, ದನಿಯ ಏರಿಳಿತವನ್ನು ಊಹಿಸಬೇಕಾಗಿಲ್ಲ. ಎರಡು ಸಾರಿ ಓದಿ, ಯೋಚಿಸಿ, ಉತ್ತರ ಕೊಡಲು ವೇಳೆಯುಂಟು. ತಾವೇ ಆಟಿಸಂ ಉಳ್ಳವರಾದ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ, ಒಬ್ಬರನ್ನೊಬ್ಬರು ಅರಿಯಲಾರದ ಕಷ್ಟವು ಎರಡೂ ಕಡೆಯದೆಂದು ವಾದಿಸಿದರು. ನಮ್ಮ ಮನೆಯ ಮಟ್ಟಿಗೆ ಅದು ನಿಜವಾಯಿತು.

ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. ಗುರುತಿಲ್ಲದವರಿಗೆ ಭಾವಚಿತ್ರವನ್ನೂ ವಿಳಾಸವನ್ನೂ ಕಳುಹಿಸಬಾರದು. ಯಾರಾದರೂ "ಮನೆಯಲ್ಲಿ ಹೇಳಬೇಡ" ಎಂದರೆ ಅದನ್ನೇ ಮೊದಲು ನಮಗೆ ಹೇಳಬೇಕು ಎಂದು ಕಾಗದದ ಮೇಲೆ ಬರೆದುಕೊಟ್ಟೆವು. ಬರೆದುಕೊಟ್ಟುದನ್ನು ಅವಳು ಮೀರುವುದಿಲ್ಲ.

ಹೋದ ಪುತ್ತರಿಗೆ ಐನ್‌ಮನೆಗೆ ಹೊರಡುವ ಮುನ್ನ, ಕದಿರು ಕೊಯ್ಯುವಾಗ ಕೋವಿ ಹಾರಿಸುವರೆಂಬುದನ್ನೂ ಬರೆದು ತಿಳಿಸಿದೆವು. ಕಿವಿಗೆ ಹತ್ತಿಯಿಟ್ಟುಕೊಂಡು ಅವಳು ಗದ್ದೆಯ ಬದುವಿನ ಮೇಲೆ ನಿಂತಳು. ಆಮೇಲೆ ದೊಡ್ಡಮ್ಮನವರ ಬಳಿಗೆ ಹೋಗಿ, ನೆಲವನ್ನು ನೋಡುತ್ತಲೇ, "ದೊಡ್ಡಮ್ಮ, ನಿಮ್ಮಲ್ಲಿ ಈ ವರುಷ ಎಷ್ಟು ಮಳೆಯಾಯಿತು?" ಎಂದು ಕೇಳಿದಳು. ದೊಡ್ಡಮ್ಮನವರು ಮಳೆಯಿಂದ ತೊಡಗಿ ತಮ್ಮ ಮೊಣಕಾಲು ನೋವಿನ ತನಕ ಎಲ್ಲವನ್ನೂ ಹೇಳಿದರು. ಮಾತು ಮುಗಿಯುವ ವರೆಗೆ ಅವಳು ಕದಲಲಿಲ್ಲ. ರಾತ್ರಿ ಮಳೆಯ ಪುಸ್ತಕವನ್ನು ತೆರೆದು, ದೊಡ್ಡಮ್ಮನವರ ಊರಿನ ಲೆಕ್ಕದ ಕೆಳಗೆ, "ಮೊಣಕಾಲು ಬಲಗಡೆಯದು" ಎಂದು ಬರೆದಳು.

ಇಂಥ ಮಗುವು ನಿಮ್ಮ ಮನೆಯಲ್ಲಿಯೂ ಇದ್ದರೆ, ಬೀಗ ಹಾಕುವ ಮೊದಲು ಒಮ್ಮೆ ಅದರ ಪಕ್ಕದಲ್ಲಿ ಕುಳಿತು ಓದಿರಿ. ನಾವು ಕಳೆದುಕೊಂಡ ಹತ್ತು ದಿನಗಳನ್ನು ನೀವು ಕಳೆದುಕೊಳ್ಳದಿರಿ.